ಮಂಕು ಬೆಳಕಿನ ಬೆನ್ನು ಹತ್ತಿದವರು

ರೋಹಿಣಿ ಮಳೆ ಹದವಾಗಿ ಬಂತೆ, ಆರಿದ್ರೆ ಕೈಕೊಟ್ಟಿತೆ ಎಂದು ವಿಚಾರಿಸದ ಮನೆ ಚಿತ್ರದುರ್ಗದ ಸೀಮೆಯಲ್ಲಿ ಇರಲಾರದು. ಹಿರಿಯೂರಿನ ಕಡೆಗಂತೂ ಮಳೆಯೇ ಕಡಿಮೆ. ಬಂದಷ್ಟು ಮಳೆಗೆ ನಕ್ಷತ್ರದ ಹೆಸರಿಟ್ಟು ಲೆಕ್ಕವಿಡುವುದು ನಮ್ಮ ಹಿರಿಯರ ರೂಢಿ. ಆದರೆ ಆ ಆರಿದ್ರೆ ಆಕಾಶದಲ್ಲಿ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಬೆರಳು ಮಾಡಿ ತೋರಿಸಬಲ್ಲೆವು?

ತೋರಿಸುವುದು ಕಷ್ಟವಲ್ಲ. ಜನವರಿ ತಿಂಗಳ ನಡುವೆ ರಾತ್ರಿ ಒಂಬತ್ತರ ವೇಳೆಗೆ ರೇಡಿಯೋ ಆರಿಸಿ ಅಂಗಳಕ್ಕೆ ಬನ್ನಿ. ಆಗ್ನೇಯದ ಕಡೆ ಎತ್ತರದಲ್ಲಿ ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅವುಗಳ ಎಡಗಡೆಗೆ ಕೆಂಪಗೆ ಹೊಳೆಯುವುದೇ ಆರಿದ್ರೆ. ಬಲಗಡೆಗೆ ಸ್ವಲ್ಪ ದೂರದಲ್ಲಿ, ಕತ್ತಲೆ ಚೆನ್ನಾಗಿದ್ದರೆ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ ಒಂದು ಮಂಕು ಚುಕ್ಕೆ ಕಾಣುತ್ತದೆ. ಅದು ನಕ್ಷತ್ರವಲ್ಲ, ನೀಹಾರಿಕೆ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮತ್ತು ಧೂಳಿನ ಮೋಡ. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು ೧,೩೫೦ ವರ್ಷ ಬೇಕು.

ಬರಿಗಣ್ಣಿಗೆ ಕಾಣುವ ನೀಹಾರಿಕೆಗಳು ಬೆರಳೆಣಿಕೆಯಷ್ಟು. ದೂರದರ್ಶಕಕ್ಕೂ ಕಂಡೂ ಕಾಣದಂತಿರುವ ಮೋಡಗಳು, ನಕ್ಷತ್ರಗುಚ್ಛಗಳು, ನಮ್ಮ ಆಕಾಶಗಂಗೆಯಂಥವೇ ಆದ ಬೇರೆ ಬೇರೆ ಗೆಲಾಕ್ಸಿಗಳು ಸಾವಿರಾರು ಇವೆ. ೧೮೮೮ರಲ್ಲಿ ಡ್ರೇಯರ್ ಎಂಬ ವಿದ್ವಾಂಸರು ಇವನ್ನೆಲ್ಲ ಸೇರಿಸಿ ೭,೮೪೦ ಕಾಯಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಎನ್.ಜಿ.ಸಿ. ಎಂದು ಹೆಸರಾದ ಆ ಪಟ್ಟಿಯ ಸಂಖ್ಯೆಗಳೇ ಇಂದಿಗೂ ಈ ಕಾಯಗಳಿಗೆ ಹೆಸರು. ಇವುಗಳ ಛಾಯಾಚಿತ್ರ ತೆಗೆಯುವುದನ್ನೇ ಹವ್ಯಾಸವಾಗಿ ಇಟ್ಟುಕೊಂಡವರು ಇಂದು ಲೋಕದ ಎಲ್ಲ ದೇಶಗಳಲ್ಲೂ ಇದ್ದಾರೆ. ಇದು ಪರದೇಶದ ಸಿರಿವಂತರ ಗೀಳು, ನಮಗೂ ಇದಕ್ಕೂ ಏನು ನಂಟು ಎಂದು ನಿಮಗೆ ಅನ್ನಿಸಬಹುದು. ನಂಟು ಇದೆ, ಅದು ಒಂದೂವರೆ ಶತಮಾನಕ್ಕೂ ಹಳೆಯದು.

ಆ ಕಥೆ ಮೂರು ತಲೆಮಾರಿನ ಒಂದು ಮನೆತನದಿಂದ ಆರಂಭವಾಗುತ್ತದೆ. ಮೊದಲನೆಯವರು ವಿಲಿಯಂ ಹರ್ಷೆಲ್. ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತ ಹೇಳಿಕೊಟ್ಟು ಜೀವನ ಸಾಗಿಸುತ್ತಿದ್ದವರು; ಬಿಡುವಿನಲ್ಲಿ ತಾವೇ ದರ್ಪಣ ಉಜ್ಜಿ ದೂರದರ್ಶಕ ಕಟ್ಟಿದರು. ೧೭೮೧ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದಾಗ ಅವರು ಬರಿಯ ಹವ್ಯಾಸಿ. ಮುಂದೆ ತಂಗಿ ಕ್ಯಾರೊಲಿನ್ ಹರ್ಷೆಲ್ ಅವರ ನೆರವಿನಿಂದ ಸುಮಾರು ೨,೫೦೦ ನೀಹಾರಿಕೆ ಮತ್ತು ಗುಚ್ಛಗಳನ್ನು ಪಟ್ಟಿ ಮಾಡಿದರು. ಆದರೆ ಇಂಗ್ಲೆಂಡು ಬಹಳ ಉತ್ತರದಲ್ಲಿರುವ ದೇಶ. ದಕ್ಷಿಣದ ಆಕಾಶದ ಒಂದು ದೊಡ್ಡ ಭಾಗ ಅಲ್ಲಿ ದಿಗಂತದ ಮೇಲೆ ಏಳುವುದೇ ಇಲ್ಲ. ಆ ಕೊರತೆಯನ್ನು ತುಂಬಲು ವಿಲಿಯಂ ಅವರ ಮಗ ಸರ್ ಜಾನ್ ಹರ್ಷೆಲ್ ಸಂಸಾರಸಮೇತ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತಕ್ಕೆ ಹೋದರು. ೧೮೩೪ರಿಂದ ೧೮೩೮ರವರೆಗೆ ಅಲ್ಲಿದ್ದು ತೆಂಕಣ ಆಕಾಶವನ್ನು ಮೂಲೆ ಬಿಡದೆ ಶೋಧಿಸಿದರು.

ಈ ಸರ್ ಜಾನ್ ಅವರನ್ನು ಛಾಯಾಚಿತ್ರಕಲೆಯ ಹಿರಿಯರಲ್ಲಿ ಒಬ್ಬರೆಂದೂ ನೆನೆಯಬೇಕು. ಹಳೆಯ ಸ್ಟುಡಿಯೋಗಳ ಕತ್ತಲಕೋಣೆಯಲ್ಲಿ ಚಿತ್ರ ಅಳಿಸಿಹೋಗದಂತೆ ನಿಲ್ಲಿಸಲು ಬಳಸುತ್ತಿದ್ದ 'ಹೈಪೊ' ದ್ರಾವಣದ ಗುಣವನ್ನು ಗುರುತಿಸಿದವರು ಅವರೇ. ೧೮೩೯ರಲ್ಲಿ, ಆ ಕಲೆ ಇನ್ನೂ ಕಣ್ಣು ಬಿಡುತ್ತಿದ್ದಾಗ, ತಮ್ಮ ತಂದೆಯ ನಲವತ್ತು ಅಡಿಯ ದೂರದರ್ಶಕದ ಚಿತ್ರವನ್ನು ಅವರು ಗಾಜಿನ ಮೇಲೆ ಮೂಡಿಸಿದರು. ನೀಹಾರಿಕೆ ಮತ್ತು ಛಾಯಾಚಿತ್ರ, ಎರಡೂ ಒಂದೇ ಮನೆಯಲ್ಲಿ ಬೆಳೆದವು ಎಂದರೆ ತಪ್ಪಾಗದು.

ಕೇಪ್‌ನಲ್ಲಿದ್ದಾಗಲೇ, ೧೮೩೭ರಲ್ಲಿ, ಸರ್ ಜಾನ್ ಅವರಿಗೆ ಒಬ್ಬ ಮಗ ಹುಟ್ಟಿದನು. ತಂದೆಯ ಹೆಸರನ್ನೇ ಹೊತ್ತ ಆ ಮಗ ಬೆಳೆದು ಸೈನ್ಯದ ಎಂಜಿನಿಯರ್ ಆಗಿ, ಭಾರತದ ಮಹಾ ತ್ರಿಕೋನಮಾಪನ ಸರ್ವೆಯಲ್ಲಿ ಅಧಿಕಾರಿಯಾಗಿ ನಮ್ಮ ನಾಡಿಗೆ ಬಂದರು. ೧೮೬೮ರಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೆಂಗಳೂರಿನಲ್ಲಿದ್ದರು. ಹಗಲು ಅಳತೆಯ ಕೆಲಸ. ರಾತ್ರಿ, ಲಂಡನ್ನಿನ ರಾಯಲ್ ಸೊಸೈಟಿ ಒದಗಿಸಿದ್ದ ಸುಮಾರು ಐದು ಅಂಗುಲ ಬಾಯಿಯ ದೂರದರ್ಶಕ ಮತ್ತು ಒಂದು ರೋಹಿತದರ್ಶಕ.

ಅವರಿಗೆ ಒಪ್ಪಿಸಿದ್ದ ಪ್ರಶ್ನೆ ಇದು. ನಾಲ್ಕು ವರ್ಷ ಹಿಂದೆ, ೧೮೬೪ರಲ್ಲಿ, ಲಂಡನ್ನಿನ ಹವ್ಯಾಸಿ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೋಡಿದ್ದರು. ಕಾಮನಬಿಲ್ಲಿನಂತೆ ಬಣ್ಣಗಳ ಪಟ್ಟಿ ಕಾಣುವ ಬದಲು ಒಂದೆರಡು ಪ್ರಕಾಶಮಾನವಾದ ಗೆರೆಗಳು ಮಾತ್ರ ಕಂಡವು. ಕಾದ ಅನಿಲದ ಗುರುತು ಅದು. ಹಾಗಾದರೆ ಎಲ್ಲ ನೀಹಾರಿಕೆಗಳೂ ಅನಿಲವೆ? ಕೆಲವು ದೂರದ ನಕ್ಷತ್ರಗಳ ಗುಂಪುಗಳೆ? ಇಂಗ್ಲೆಂಡಿನಿಂದ ಕಾಣದ ದಕ್ಷಿಣದ ನೀಹಾರಿಕೆಗಳನ್ನು ಯಾರಾದರೂ ನೋಡಿ ಹೇಳಬೇಕಾಗಿತ್ತು. ತಂದೆ ಕೇಪ್‌ನಲ್ಲಿ ಗುರುತಿಸಿದ್ದ ಆಕಾಶವನ್ನು ಮಗ ಬೆಂಗಳೂರಿನ ನೆಲದಿಂದ ಮತ್ತೆ ನೋಡಿದರು. ಕೆಲವು ಗೆರೆಗಳನ್ನು ತೋರಿಸಿದವು. ಕೆಲವು ನಕ್ಷತ್ರದ ಬೆಳಕಿನಂತೆ ಹರಡಿದ ಪಟ್ಟಿಯನ್ನು ತೋರಿಸಿದವು. 'ದಕ್ಷಿಣದ ಕೆಲವು ನೀಹಾರಿಕೆಗಳ ರೋಹಿತ' ಎಂಬ ವಿಷಯವಾಗಿ ಅವರ ವರದಿ ಅದೇ ವರ್ಷ ರಾಯಲ್ ಸೊಸೈಟಿಯ ನಡಾವಳಿಗಳಲ್ಲಿ ಅಚ್ಚಾಯಿತು. ಅಂದಿನ ಬೆಂಗಳೂರಿನಲ್ಲಿ ವಿದ್ಯುದ್ದೀಪವಿರಲಿಲ್ಲ. ಐದು ಅಂಗುಲದ ಗಾಜಿನಿಂದ ಅಷ್ಟು ಸಾಧಿಸಲು ಆ ಕತ್ತಲೆಯೇ ಅರ್ಧ ಬಂಡವಾಳ.

ಅದೇ ೧೮೬೮ರ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣ. ನೆರಳಿನ ದಾರಿ ಕನ್ನಡನಾಡಿನ ಉತ್ತರ ಭಾಗವನ್ನು ಹಾದು ಪೂರ್ವತೀರದ ಕಡೆಗೆ ಹೋಗುವುದಿತ್ತು. ಲೆಫ್ಟಿನೆಂಟ್ ಹರ್ಷೆಲ್ ತಮ್ಮ ಸಲಕರಣೆಗಳೊಡನೆ ಜಮಖಂಡಿಗೆ ಹೋಗಿ ಬಿಡಾರ ಹೂಡಿದರು. ಮಳೆಗಾಲದ ಮೋಡ ಬಹಳ ಕಾಡಿತು. ಆದರೂ ಮೋಡದ ಸಂದಿಯಲ್ಲಿ, ಸೂರ್ಯನ ಅಂಚಿನಿಂದ ಮೇಲೆದ್ದ ಜ್ವಾಲೆಯ ರೋಹಿತ ಅವರಿಗೆ ಸಿಕ್ಕಿತು. ಕೆಂಪು, ಕಿತ್ತಳೆ, ನೀಲಿ, ಹೀಗೆ ಮೂರು ಗೆರೆಗಳು. ಆ ಕಿತ್ತಳೆ ಬಣ್ಣದ ಗೆರೆ ಹೀಲಿಯಂ ಅನಿಲದ್ದೆಂದು ಮುಂದೆ ತಿಳಿಯಿತು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು ೧೮೯೫ರಲ್ಲಿ. ಅದಕ್ಕೆ ೨೭ ವರ್ಷ ಮೊದಲೇ ಅದರ ಗುರುತನ್ನು ಜಮಖಂಡಿಯಲ್ಲೂ ಗುಂಟೂರಿನಲ್ಲೂ ನಿಂತವರು ಕಂಡಿದ್ದರು.

ಇಲ್ಲಿ ನಿಮಗೊಂದು ಸಂದೇಹ ಬರಬೇಕು. ಛಾಯಾಚಿತ್ರಕಲೆಗೆ ಹೈಪೊ ಕೊಟ್ಟವರ ಮಗ, ಕೈಯಲ್ಲಿ ಒಳ್ಳೆಯ ದೂರದರ್ಶಕ, ತಲೆಯ ಮೇಲೆ ಕತ್ತಲ ಆಕಾಶ. ಹೀಗಿದ್ದೂ ಅವರು ನೀಹಾರಿಕೆಗಳ ಚಿತ್ರವನ್ನೇಕೆ ತೆಗೆಯಲಿಲ್ಲ?

ಉತ್ತರ ಗಾಜಿನ ಫಲಕದಲ್ಲಿದೆ. ಆಗಿನ ಕ್ರಮದಲ್ಲಿ ಕಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿಗೆ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಬೆಳಕಿಗೆ ಒಡ್ಡಿ ತೊಳೆಯಬೇಕಾಗಿತ್ತು. ಎಲ್ಲವೂ ಕೆಲವೇ ನಿಮಿಷಗಳ ಕೆಲಸ. ಸೂರ್ಯನ ಜ್ವಾಲೆಗೆ ಅಷ್ಟು ಸಾಕು. ಅದೇ ಗ್ರಹಣದಲ್ಲಿ ಗುಂಟೂರಿನಲ್ಲಿದ್ದ ಮೇಜರ್ ಟೆನೆಂಟ್ ಅವರ ತಂಡ ಹೀಗೆ ಚಿತ್ರ ತೆಗೆಯಿತು. ಆದರೆ ನೀಹಾರಿಕೆಯ ಬೆಳಕು ಹನಿಹನಿಯಾಗಿ ಬರುವಂಥದು. ಕೊಡ ತುಂಬುವ ಮೊದಲೇ ಕೊಡವೇ ಒಣಗಿಹೋದರೆ ಮಾಡುವುದೇನು?

ಇದಾದ ಮೂರು ವರ್ಷಕ್ಕೆ, ೧೮೭೧ರ ಡಿಸೆಂಬರ್ ೧೨ರಂದು, ಮತ್ತೊಂದು ಖಗ್ರಾಸ ಗ್ರಹಣ ನಮ್ಮ ಕರಾವಳಿಯ ಮೇಲೆ ಬಿತ್ತು. ಇಂಗ್ಲೆಂಡಿನಿಂದ ನಾರ್ಮನ್ ಲಾಕಿಯರ್ ಅವರ ತಂಡ ಕಾಸರಗೋಡಿನ ಬಳಿಯ ಬೇಕಲ ಕೋಟೆಗೆ ಬಂದಿಳಿಯಿತು. ಆಗ ಬೇಕಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಸಮುದ್ರದ ಅಂಚಿನಲ್ಲಿ, ಇಕ್ಕೇರಿಯ ನಾಯಕರ ಆ ಕೋಟೆಯಲ್ಲಿ, ಡೇವಿಸ್ ಎಂಬ ಛಾಯಾಗ್ರಾಹಕರು ಸೂರ್ಯನ ಪ್ರಭಾವಲಯದ ಐದು ಚಿತ್ರಗಳನ್ನು ತೆಗೆದರು. ಹುಣ್ಣಿಮೆಯ ಬೆಳಕಿನಷ್ಟೇ ಮೃದುವಾದ ಆ ಪ್ರಭೆ ಹಸಿ ಫಲಕಕ್ಕೆ ಎಟುಕಿದ್ದೇ ದೊಡ್ಡ ಗೆಲವು. ನೀಹಾರಿಕೆ ಇನ್ನೂ ದೂರವೇ ಉಳಿಯಿತು.

ವಿಚಿತ್ರವೆಂದರೆ ಅದೇ ೧೮೭೧ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು, ರಿಚರ್ಡ್ ಮ್ಯಾಡಾಕ್ಸ್, ಜೆಲಟಿನ್ ಬಳಿದ ಒಣ ಫಲಕದ ಉಪಾಯವನ್ನು ಪ್ರಕಟಿಸಿದರು. ಒಣ ಫಲಕಕ್ಕೆ ಅವಸರವಿಲ್ಲ. ಗಂಟೆಗಟ್ಟಲೆ ಬಾಯ್ದೆರೆದು ಬೆಳಕನ್ನು ಕೂಡಿಹಾಕುತ್ತ ಕೂರಬಲ್ಲದು. ಮನುಷ್ಯನ ಕಣ್ಣಿಗೆ ಈ ಶಕ್ತಿಯಿಲ್ಲ. ನಾವು ಒಂದು ಚುಕ್ಕೆಯನ್ನು ಒಂದು ಕ್ಷಣ ನೋಡಿದರೂ ಒಂದು ಗಂಟೆ ನೋಡಿದರೂ ಕಾಣುವುದು ಅಷ್ಟೇ. ಫಲಕಕ್ಕಾದರೋ ನಿನ್ನೆಯ ಕೂಲಿಗೆ ಇಂದಿನ ಕೂಲಿ ಸೇರುತ್ತ ಹೋಗುತ್ತದೆ.

ಇದರ ಫಲವನ್ನು ಮೊದಲು ಉಂಡವರು ಹವ್ಯಾಸಿಗಳು ಎಂಬುದನ್ನು ಗಮನಿಸಬೇಕು. ೧೮೮೦ರ ಸೆಪ್ಟೆಂಬರ್ ೩೦ರಂದು ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರ್, ಆರಿದ್ರೆಯ ನೆರೆಯ ಆ ನೀಹಾರಿಕೆಯ ಮೊದಲ ಚಿತ್ರವನ್ನು ತೆಗೆದರು. ಫಲಕವನ್ನು ತೆರೆದಿಟ್ಟಿದ್ದು ಸುಮಾರು ೫೦ ನಿಮಿಷ. ೧೮೮೩ರಲ್ಲಿ ಲಂಡನ್ನಿನ ಬಳಿ ಆಂಡ್ರ್ಯೂ ಕಾಮನ್ ಎಂಬ ಎಂಜಿನಿಯರು ತಮ್ಮ ಮನೆಯ ಹಿತ್ತಿಲಿನ ೩೬ ಅಂಗುಲದ ದರ್ಪಣದಿಂದ ಅದನ್ನೇ ಚಿತ್ರಿಸಿದಾಗ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಫಲಕದ ಮೇಲೆ ಮೂಡಿದವು. ೧೮೮೮ರ ಡಿಸೆಂಬರಿನಲ್ಲಿ ಐಸಾಕ್ ರಾಬರ್ಟ್ಸ್ ಎಂಬ ಕಟ್ಟಡದ ಗುತ್ತಿಗೆದಾರರು ದೇವಯಾನಿಯ ಮಂಕು ಮೋಡಕ್ಕೆ ಸುಳಿ ಸುಳಿಯಾದ ತೋಳುಗಳಿರುವುದನ್ನು ತೋರಿಸಿದರು. ಅದು ಮೋಡವೇ ಅಲ್ಲ, ಇನ್ನೊಂದು ಆಕಾಶಗಂಗೆ ಎಂದು ಹಬಲ್ ಅವರು ಸಾಧಿಸಿದ್ದು ೧೯೨೩ರ ಫಲಕದಿಂದ. ಒಬ್ಬ ವೈದ್ಯ, ಒಬ್ಬ ಎಂಜಿನಿಯರ್, ಒಬ್ಬ ಗುತ್ತಿಗೆದಾರ! ಮನೆ ಕೆಲಸ ಮುಗಿಸಿ ನಿದ್ದೆಗೆಟ್ಟವರು ಲೋಕಕ್ಕೆ ಕೊಟ್ಟ ಕಾಣಿಕೆ ಇದು.

ನಮ್ಮ ಕಡೆಯೂ ಅಂಥವರು ಇರಲಿಲ್ಲವೆನ್ನಬೇಡಿ. ಹೈದರಾಬಾದಿನ ಶ್ರೀಮಂತ ನವಾಬ್ ಜಾಫರ್ ಜಂಗ್ ೧೯೦೧ರಲ್ಲಿ ಸ್ವಂತ ಹಣದಿಂದ ವೇಧಶಾಲೆಯೊಂದನ್ನು ಆರಂಭಿಸಿದರು. ಹದಿನೈದು ಅಂಗುಲದ ದೂರದರ್ಶಕವನ್ನೂ ಚಿತ್ರ ತೆಗೆಯುವುದಕ್ಕೆಂದೇ ಮಾಡಿದ ಎಂಟು ಅಂಗುಲದ ಯಂತ್ರವನ್ನೂ ಕೊಂಡರು. ೧೯೦೭ರಲ್ಲಿ ಅವರು ತೀರಿಕೊಂಡ ಮೇಲೆ ನಿಜಾಮ ಸರ್ಕಾರ ಅದನ್ನು ವಹಿಸಿಕೊಂಡು ನಿಜಾಮಿಯ ವೇಧಶಾಲೆ ಎಂದು ನಡೆಸಿತು. ಆಕಾಶವನ್ನು ಪಾಲು ಹಂಚಿಕೊಂಡು ಪೂರ್ತಿಯಾಗಿ ಛಾಯಾಚಿತ್ರ ತೆಗೆಯುವ ಅಂತರರಾಷ್ಟ್ರೀಯ ಯೋಜನೆಯೊಂದು ೧೮೮೭ರಲ್ಲಿ ಪ್ಯಾರಿಸಿನಲ್ಲಿ ಹೊರಟಿತ್ತು. ಅದರಲ್ಲಿ ಹೈದರಾಬಾದಿಗೂ ಪಾಲು ದೊರೆತು, ಅಲ್ಲಿನ ಫಲಕಗಳಿಂದ ಏಳೂವರೆ ಲಕ್ಷಕ್ಕೂ ಮೇಲ್ಪಟ್ಟ ನಕ್ಷತ್ರಗಳ ಸ್ಥಾನಗಳು ಪಟ್ಟಿಯಾದವು. ರಾಯಚೂರು, ಕಲಬುರಗಿ, ಬೀದರಗಳು ಆಗ ಆ ಸಂಸ್ಥಾನದಲ್ಲೇ ಇದ್ದವೆಂಬುದನ್ನು ನೆನೆದರೆ ಈ ಕೀರ್ತಿಯಲ್ಲಿ ನಮಗೂ ಒಂದಿಷ್ಟು ಪಾಲುಂಟು.

ಆ ನಿಜಾಮಿಯ ವೇಧಶಾಲೆಯಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ವೇಣು ಬಾಪ್ಪು ಬೆಳೆದು ಭಾರತೀಯ ಖಗೋಳವಿಜ್ಞಾನದ ಮುಂದಾಳಾದರು. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯನ್ನು ಕಟ್ಟಿದವರು ಅವರು. ರಾತ್ರಿಯ ವೀಕ್ಷಣೆಗೆ ಅವರು ಆರಿಸಿದ್ದು ಬೆಂಗಳೂರನ್ನಲ್ಲ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನ ನಡುವಣ ಕಾವಲೂರನ್ನು. ಅಲ್ಲಿ ೧೯೭೨ರಲ್ಲಿ ಒಂದು ಮೀಟರಿನ, ೧೯೮೬ರಲ್ಲಿ ೨.೩೪ ಮೀಟರಿನ ದೂರದರ್ಶಕಗಳು ಕೆಲಸಕ್ಕೆ ನಿಂತವು. ಲಡಾಖಿನ ಹಾನ್ಲೆಯಲ್ಲಿ ೨೦೦೦ದಲ್ಲಿ ಕಣ್ಣು ತೆರೆದ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದಿಂದ ನಡೆಸುತ್ತಾರೆ. ೧೮೬೮ರಲ್ಲಿ ಬೆಂಗಳೂರಿನಲ್ಲೇ ಸಿಕ್ಕುತ್ತಿದ್ದ ಕತ್ತಲೆಗಾಗಿ ನಾವು ಹಿಮಾಲಯದ ಆಚೆಗೆ ಹೋಗಬೇಕಾಯಿತು!

ಇನ್ನು ನಿಮ್ಮ ಊರಿನ ಮಾತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಊರುಗಳು ಹೆಚ್ಚು ಕಡಿಮೆ ೧೪ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹರ್ಷೆಲ್ ನಿಂತ ಬೆಂಗಳೂರಿಗೂ ಜಮಖಂಡಿಗೂ ನಡುವಿನ ಆಕಾಶ ನಿಮ್ಮದು. ಆದ್ದರಿಂದ ಲಂಡನ್ನಿನಲ್ಲಿ ಎಂದೂ ಉದಯಿಸದ ಕಾಯಗಳು ನಿಮ್ಮ ಹೊಲದ ಬದುವಿನ ಮೇಲೆ ಎದ್ದು ಬರುತ್ತವೆ. ಮೇ ತಿಂಗಳ ನಡುವೆ ರಾತ್ರಿ ಹತ್ತರ ಸುಮಾರಿಗೆ ತೆಂಕಣಕ್ಕೆ ಮುಖ ಮಾಡಿ. ದಿಗಂತದಿಂದ ೨೮ ಡಿಗ್ರಿ ಮೇಲೆ ಒಮೆಗಾ ಸೆಂಟಾರಿ ಎಂಬ ಗುಚ್ಛವಿದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಉಂಡೆ. ಅದರ ಮೇಲಕ್ಕೆ ನಾಲ್ಕೂವರೆ ಡಿಗ್ರಿಯಲ್ಲಿ ಎನ್.ಜಿ.ಸಿ. ೫೧೨೮, ನಡುವೆ ಕಪ್ಪು ಧೂಳಿನ ಪಟ್ಟಿ ಕಟ್ಟಿಕೊಂಡ ಗೆಲಾಕ್ಸಿ. ನವೆಂಬರ್ ನಡುವೆ ರಾತ್ರಿ ಒಂಬತ್ತೂವರೆಗೆ ದಕ್ಷಿಣದಲ್ಲಿ ಐವತ್ತು ಡಿಗ್ರಿ ಎತ್ತರಕ್ಕೆ ಬರುವ ಎನ್.ಜಿ.ಸಿ. ೨೫೩ ಕ್ಯಾರೊಲಿನ್ ಹರ್ಷೆಲ್ ೧೭೮೩ರಲ್ಲಿ ಕಂಡ ಗೆಲಾಕ್ಸಿ. ಅವರಿಗೆ ಅದು ದಿಗಂತದ ಮಂಜಿನಲ್ಲಿ ಸಿಕ್ಕಿದ್ದು. ನಿಮಗೆ ನಡು ಆಕಾಶದಲ್ಲಿ ಸಿಕ್ಕುತ್ತದೆ.

ಮಾರ್ಚಿ ತಿಂಗಳ ಇಪ್ಪತ್ತರ ಹೊತ್ತಿಗೆ ರಾತ್ರಿ ಹತ್ತೂವರೆಗೆ ದಕ್ಷಿಣದಲ್ಲಿ ಎನ್.ಜಿ.ಸಿ. ೩೧೩೨ ಇರುತ್ತದೆ. ಸಾಯುತ್ತಿರುವ ನಕ್ಷತ್ರವೊಂದು ಊದಿಬಿಟ್ಟ ಉಂಗುರ. ಸರ್ ಜಾನ್ ಹರ್ಷೆಲ್ ೧೮೩೫ರಲ್ಲಿ ಕೇಪ್‌ನಿಂದ ಕಂಡುಹಿಡಿದದ್ದು. ೨೦೨೨ರ ಜುಲೈಯಲ್ಲಿ ಜೇಮ್ಸ್ ವೆಬ್ ಆಕಾಶ ದೂರದರ್ಶಕದ ಮೊದಲ ಚಿತ್ರಗಳಲ್ಲಿ ಲೋಕಕ್ಕೆಲ್ಲ ಪರಿಚಯವಾದದ್ದೂ ಇದೇ. ಅದರ ದೂರ ಸುಮಾರು ೨,೦೦೦ ಜ್ಯೋತಿರ್ವರ್ಷ. ಎಂದರೆ ದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಸಾತವಾಹನರ ನಾಣ್ಯಗಳು ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲದ ಹತ್ತಿರ ಹತ್ತಿರ ಹೊರಟ ಬೆಳಕು ಇಂದು ನಿಮ್ಮ ಅಂಗಳಕ್ಕೆ ಇಳಿಯುತ್ತಿದೆ.

ಇದನ್ನು ಹಿಡಿಯಲು ನವಾಬರ ಐಶ್ವರ್ಯ ಬೇಡ. ಹಳೆಯ ಫಲಕಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ದಾಖಲಿಸುತ್ತಿದ್ದವು. ಇಂದಿನ ಕ್ಯಾಮೆರಾದ ಸಿಲಿಕಾನ್ ಬಿಲ್ಲೆ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುತ್ತದೆ. ತೊಡಕು ಒಂದೇ. ಭೂಮಿ ತಿರುಗುವುದರಿಂದ ನಕ್ಷತ್ರಗಳು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತವೆ. ಸ್ಥಿರವಾಗಿಟ್ಟ ಕ್ಯಾಮೆರಾದಲ್ಲಿ ಚುಕ್ಕೆ ಗೆರೆಯಾಗುತ್ತದೆ. ಅದಕ್ಕಾಗಿ ಆಕಾಶದ ಜೊತೆಜೊತೆಗೆ ಕ್ಯಾಮೆರಾವನ್ನು ತಿರುಗಿಸುವ ಪುಟ್ಟ ಯಂತ್ರವನ್ನು ಬಳಸುತ್ತಾರೆ. ಅದರ ಅಚ್ಚು ಧ್ರುವನ ಕಡೆಗೆ ಇರಬೇಕು. ಧ್ರುವ ನಿಮ್ಮಲ್ಲಿ ಉತ್ತರ ದಿಗಂತದಿಂದ ೧೪ ಡಿಗ್ರಿ ಮೇಲಿದ್ದಾನೆ. ಕೈ ಚಾಚಿ ಹಿಡಿದ ಒಂದೂವರೆ ಮುಷ್ಟಿಯಷ್ಟು. ಬೆಟ್ಟ ಅಡ್ಡವಿರುವ ಕಡೆ ಆತ ಮರೆಯಾಗುವುದರಿಂದ ಬಯಲಿಗೆ ಹೋಗುವುದು ಮೇಲು.

ಒಂದೇ ಉದ್ದನೆಯ ಚಿತ್ರದ ಬದಲು ಅರ್ಧರ್ಧ ನಿಮಿಷದ ನೂರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದರ ಮೇಲೊಂದು ಕೂಡಿಸುವುದು ಈಗಿನ ಪದ್ಧತಿ. ರೇಡಿಯೋ ಇಟ್ಟುಕೊಂಡ ನಿಮಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ದೂರದ ನಿಲಯವೊಂದನ್ನು ಹಿಡಿಯಹೊರಟರೆ ಗರಗರ ಸದ್ದಿನ ನಡುವೆ ಮಾತು ಕ್ಷೀಣವಾಗಿ ಕೇಳುತ್ತದೆ. ಆ ಗರಗರ ಒಂದೊಂದು ಗಳಿಗೆಗೆ ಒಂದೊಂದು ಬಗೆ. ಮಾತು ಮಾತ್ರ ಅದೇ. ನೂರು ಚಿತ್ರಗಳನ್ನು ಕೂಡಿಸಿದಾಗ ನೀಹಾರಿಕೆ ನೂರರಷ್ಟಾಗುತ್ತದೆ, ಗದ್ದಲ ಹತ್ತರಷ್ಟೇ ಆಗುತ್ತದೆ. ಹೀಗೆ ಕಾಣದ್ದು ಕಾಣಿಸಿಕೊಳ್ಳುತ್ತದೆ.

ಆದರೆ ಪಕ್ಕದಲ್ಲೇ ಪ್ರಬಲವಾದ ಇನ್ನೊಂದು ನಿಲಯ ಕೂಗುತ್ತಿದ್ದರೆ ಯಾವ ರೇಡಿಯೋ ಏನು ಮಾಡೀತು? ನಮ್ಮ ಊರುಗಳ ದೀಪಗಳು ಆಕಾಶಕ್ಕೆ ಮಾಡುತ್ತಿರುವುದು ಇದನ್ನೇ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ. ಅದನ್ನು ನಾಡಿನ ಹೆಮ್ಮೆಯೆಂದು ಕೊಂಡಾಡಿದೆವು; ಅದು ಸರಿಯೇ. ಆದರೆ ಹರ್ಷೆಲ್ ದಕ್ಷಿಣದ ನೀಹಾರಿಕೆಗಳನ್ನು ನೋಡಿದ ಊರಿನಲ್ಲಿ ಇಂದು ಆಕಾಶಗಂಗೆಯನ್ನೂ ಕಾಣದೆ ಮಕ್ಕಳು ಬೆಳೆಯುತ್ತಿದ್ದಾರೆ. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿಯ ಬೆಳಕು, ಅಂಗಡಿ ಮುಂಗಟ್ಟುಗಳ ಬಿಳಿಯ ದೀಪ, ಮೇಲ್ಮುಖವಾಗಿ ಕಟ್ಟಿದ ಸಾಲುದೀಪ, ಇವೆಲ್ಲ ಅದೇ ದಾರಿಯ ಮೊದಲ ಮೈಲಿಗಲ್ಲುಗಳು. ನಿಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಾಡಿನಲ್ಲಿ, ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನಂಥ ಕಡೆಗಳಲ್ಲಿ, ಆಕಾಶಗಂಗೆಯನ್ನು ಇನ್ನೂ ಬರಿಗಣ್ಣಿನಿಂದ ಕಾಣಬಹುದು. ಚಿನ್ನವನ್ನು ಕಳೆದುಕೊಂಡವನು ಮತ್ತೆ ಸಂಪಾದಿಸಿಯಾನು. ಊರು ಬೆಳೆದು ನುಂಗಿದ ಕತ್ತಲೆಯನ್ನು ಮರಳಿ ತಂದವರು ಕಡಿಮೆ.

ದೀಪವೇ ಬೇಡವೆಂದು ಯಾರೂ ಹೇಳುವುದಿಲ್ಲ. ದೀಪಕ್ಕೆ ಮೇಲೊಂದು ಮುಚ್ಚಳ, ನೆಲದ ಕಡೆಗೆ ಮುಖ, ಬೇಡದ ಹೊತ್ತಿನಲ್ಲಿ ಆರಿಸುವ ಅಭ್ಯಾಸ, ಇಷ್ಟಾದರೆ ದಾರಿಯೂ ಬೆಳಗುತ್ತದೆ, ಆಕಾಶವೂ ಉಳಿಯುತ್ತದೆ, ವಿದ್ಯುತ್ತಿನ ಬಿಲ್ಲೂ ಇಳಿಯುತ್ತದೆ. ಹಾನ್ಲೆಯ ಸುತ್ತಣ ಪ್ರದೇಶವನ್ನು ೨೦೨೨ರಲ್ಲಿ ಕತ್ತಲ ಆಕಾಶದ ರಕ್ಷಿತ ತಾಣವೆಂದು ಸಾರಲಾಯಿತು. ಅಲ್ಲಿನ ಹಳ್ಳಿಗರು ದೀಪಗಳಿಗೆ ಮರೆ ಕಟ್ಟಿ, ಬಂದವರಿಗೆ ಆಕಾಶ ತೋರಿಸುವುದನ್ನು ಕಲಿತಿದ್ದಾರೆ. ಲಡಾಖಿನ ಹಳ್ಳಿಗೆ ಸಾಧ್ಯವಾದದ್ದು ದುರ್ಗದ ಸೀಮೆಗೆ ಅಸಾಧ್ಯವೇನಲ್ಲ.

ಮನೆಯಲ್ಲಿ ಫೋಟೋ ಹವ್ಯಾಸವಿರುವ ಹುಡುಗ ಹುಡುಗಿಯರಿದ್ದರೆ ಮದುವೆ ಮುಂಜಿಗಳ ಚಿತ್ರದ ಜೊತೆಗೆ ಇದನ್ನೂ ಒಮ್ಮೆ ಪ್ರಯತ್ನಿಸ ಹೇಳಿ. ಮೊದಲು ಆರಿದ್ರೆಯ ನೆರೆಯ ನೀಹಾರಿಕೆ. ಕೈ ಪಳಗಿದ ಮೇಲೆ ಹೆಚ್ಚು ಮಂದಿ ನೋಡದ ದಕ್ಷಿಣದ ಕಾಯಗಳು. ದಿನ, ವೇಳೆ, ಸ್ಥಳಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಅದೇ ಜಾಗದಿಂದ ಹತ್ತು ವರ್ಷ ತೆಗೆದ ಚಿತ್ರಗಳು ನಿಮ್ಮ ಊರಿನ ಕತ್ತಲೆ ಎಷ್ಟು ಕರಗಿತು, ಎಷ್ಟು ಉಳಿಯಿತು ಎಂಬುದಕ್ಕೆ ಯಾರೂ ಅಲ್ಲಗಳೆಯಲಾಗದ ಸಾಕ್ಷಿಯಾಗುತ್ತವೆ. ಹೊಲದ ಪಹಣಿಯನ್ನು ಜೋಪಾನವಾಗಿ ಇಡುವ ನಾವು ಆಕಾಶದ ಪಹಣಿಯನ್ನೂ ಇಡುವುದು ನ್ಯಾಯವಲ್ಲವೆ?